ಪುಕ್ಕಟೆ ಸೀಟು, ಮುಂಜಾನೆ ಪರೇಡು

ಬೆಳಗಾವಿ: ನೀಟ್ ಫಲಿತಾಂಶ ಬಂದ ವಾರ ಖಡೇ ಬಜಾರಿನ ಅಂಗಡಿಗಳಲ್ಲಿ ದರದ ಮಾತು ಕಡಿಮೆ, ಮಾರ್ಕ್ಸಿನ ಮಾತು ಜಾಸ್ತಿ. ಯಾರ ಮಗ ಎಷ್ಟು ತೆಗೆದ, ಯಾರ ಮಗಳ ರ‍್ಯಾಂಕ್ ಎಲ್ಲಿಗೆ ನಿಂತಿತು, ಯಾರು ಹೊಲ ಮಾರಲು ಹೊರಟಿದ್ದಾರೆ ಎಂಬ ಸಮಾಚಾರವೆಲ್ಲ ಸಕ್ಕರೆ ತೂಗುತ್ತಲೇ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತದೆ. ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಿನ ಮಾತು ಬಂತೆಂದರೆ ಲಕ್ಷ ದಾಟಿ ಕೋಟಿಗೆ ಹೋಗುತ್ತದೆ. ಕೇಳಿದವರು ಚಹಾದ ಲೋಟ ಕೆಳಗಿಡುತ್ತಾರೆ.

ಆಗ ಯಾರೋ ಒಬ್ಬರು ಆ ಮಾತು ತೆಗೆಯುತ್ತಾರೆ. "ಪುಣೇದಾಗ ಮಿಲಿಟರಿ ಡಾಕ್ಟರಕಿ ಕಾಲೇಜ್ ಐತಲ್ರಿ. ಒಂದ್ ರೂಪಾಯಿ ಫೀ ಇಲ್ಲ. ಕಲಿಸ್ತಾರ, ಮ್ಯಾಲ ನೌಕರಿನೂ ಅವರ ಕೊಡ್ತಾರ. ಮತ್ತೇನ್ ಬೇಕು?"

ಮಾತು ಸುಳ್ಳಲ್ಲ. ಆದರೆ ಅರ್ಧ ಮಾತು. ಉಳಿದ ಅರ್ಧ ತಿಳಿಯದೆ ಅರ್ಜಿ ತುಂಬಿದವರು ಆಮೇಲೆ ಪೇಚಾಡುವುದುಂಟು. ಅದಕ್ಕೇ ಈ ವಿಚಾರ.

ಲಷ್ಕರ ಅಂದರೇನೆಂದು ಈ ಊರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಸೆಂಟರ್ ಇಲ್ಲಿಗೆ ಬಂದು 1922ಕ್ಕೇ ತಳ ಊರಿತು. ಕ್ಯಾಂಪ್ ಭಾಗದಲ್ಲಿ ಬಸ್ ಕಾಯುವವರಿಗೆ ಬೂಟಿನ ಸದ್ದು ಹೊಸದಲ್ಲ. ಮೆಡಿಕಲ್ ಕಾಲೇಜೂ ಹೊಸದಲ್ಲ. ಕಣ್ಣು ಕೆಂಪು ಮಾಡಿಕೊಂಡು, ಬಿಳಿ ಕೋಟು ಹೆಗಲಿಗೆ ಹಾಕಿಕೊಂಡು ನಡೆಯುವ ಹುಡುಗ ಹುಡುಗಿಯರನ್ನು ಜನ ದಿನಾ ನೋಡುತ್ತಾರೆ. ಈ ಎರಡೂ ದುಡಿಮೆಯನ್ನು ಒಂದೇ ಹುಡುಗನ ಮೇಲೆ, ಒಂದೇ ದಿನದಲ್ಲಿ ಹೇರಿದರೆ ಹೇಗಿರುತ್ತದೆ? ಪುಣೆಯ ಆ ಪುಕ್ಕಟೆ ಸೀಟಿನ ನಿಜವಾದ ಫೀ ಅದು.

ಮೊದಲು ಒಂದು ಗೊಂದಲ ಬಿಡಿಸೋಣ. ಪುಣೆ ಎಂದ ಕೂಡಲೇ ಅನೇಕರು ಖಡಕ್‌ವಾಸ್ಲಾದ ಎನ್‌ಡಿಎ ಎಂದುಕೊಳ್ಳುತ್ತಾರೆ. ಅದು ಬೇರೆ, ಇದು ಬೇರೆ. ಎನ್‌ಡಿಎ ಸೇರಿ ಡಾಕ್ಟರ್ ಆಗಲು ಬರುವುದಿಲ್ಲ. ಡಾಕ್ಟರ್ ಮಾಡುವುದು ಎಎಫ್‌ಎಂಸಿ, ಅಂದರೆ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು. ಡಾ. ಬಿ.ಸಿ. ರಾಯ್ ಸಮಿತಿಯ ಶಿಫಾರಸಿನ ಮೇರೆಗೆ 1948ರಲ್ಲಿ ಶುರುವಾದ ಸಂಸ್ಥೆ. ಆರಂಭದಲ್ಲಿ ಅಲ್ಲಿ ಎಂಬಿಬಿಎಸ್ ಇರಲಿಲ್ಲ. ಪಿಯುಸಿ ಮುಗಿಸಿದ ಮಕ್ಕಳನ್ನು ತೆಗೆದುಕೊಂಡು ಡಾಕ್ಟರಕಿ ಕಲಿಸುವ ವಿಭಾಗ ತೆರೆದದ್ದು 1962ರ ಆಗಸ್ಟ್‌ನಲ್ಲಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಚೀನಾ ಯುದ್ಧ ಹತ್ತಿಕೊಂಡಿತು.

ಸೀಟು ಎಷ್ಟು? 2024ರ ಪ್ರವೇಶದ ಲೆಕ್ಕದಲ್ಲಿ ಇಡೀ ದೇಶಕ್ಕೆ 145. ಅದರಲ್ಲಿ ಹುಡುಗರಿಗೆ 115, ಹುಡುಗಿಯರಿಗೆ 30. ಇದರ ಮೇಲೆ ಸ್ನೇಹಿತ ದೇಶಗಳ ಐದು ಅಭ್ಯರ್ಥಿಗಳಿಗೆ ಅವಕಾಶ. ಹುಡುಗಿಯರಿಗೆ ಬರೀ ಮೂವತ್ತು ಎಂಬ ಲೆಕ್ಕ ಯಾಕೋ ಅಜ್ಜನ ಕಾಲದ್ದು ಅನ್ನಿಸುತ್ತದೆ. ಇದೇ ಕಾಲೇಜಿನಲ್ಲಿ ಓದಿದ ಪುನೀತಾ ಅರೋರಾ 2004ರಲ್ಲಿ ಲೆಫ್ಟಿನೆಂಟ್ ಜನರಲ್ ಆದ ಮೊದಲ ಮಹಿಳೆ. ಇಲ್ಲೇ ಓದಿದ ಆರತಿ ಸರೀನ್ 2024ರ ಅಕ್ಟೋಬರ್‌ನಲ್ಲಿ ಮೂರೂ ಪಡೆಗಳ ವೈದ್ಯಕೀಯ ಸೇವೆಯ ಮಹಾನಿರ್ದೇಶಕಿಯಾದರು. ಆ ಕುರ್ಚಿಗೂ ಅವರೇ ಮೊದಲ ಮಹಿಳೆ. ಮೇಲಿನ ಕುರ್ಚಿಯವರೆಗೆ ದಾರಿ ಇದೆ, ಕೆಳಗಿನ ಬಾಗಿಲು ಮಾತ್ರ ಇನ್ನೂ ಕಿರಿದು.

ಪ್ರವೇಶಕ್ಕೆ ನೀಟ್ ಮಾರ್ಕ್ಸ್ ಒಂದೇ ಸಾಲದು. 2016ರಿಂದ ನೀಟ್ ಮೂಲಕವೇ ಆಯ್ಕೆ ಶುರುವಾಗುತ್ತದೆ ನಿಜ. ಆದರೆ ಪಟ್ಟಿಗೆ ಹೆಸರು ಬಂದವರನ್ನು ಪುಣೆಗೆ ಕರೆಸಿ ಇಂಗ್ಲಿಷ್ ಮತ್ತು ತರ್ಕದ ಇನ್ನೊಂದು ಪರೀಕ್ಷೆ, ಮನೋವೈಜ್ಞಾನಿಕ ಪರೀಕ್ಷೆ, ಸಂದರ್ಶನ, ಕೊನೆಗೆ ಮೈ ತಪಾಸಣೆ ಮಾಡುತ್ತಾರೆ. ಕಣ್ಣು, ಕಿವಿ, ಕಾಲು, ಬೆನ್ನು ಎಲ್ಲವನ್ನೂ ನೋಡುತ್ತಾರೆ. ಅಭ್ಯರ್ಥಿ ಅವಿವಾಹಿತ ಆಗಿರಬೇಕು, ಓದು ಮುಗಿಯುವ ತನಕ ಮದುವೆ ಮಾಡಿಕೊಳ್ಳುವಂತಿಲ್ಲ. "ಹುಡುಗಿಗೆ ಒಳ್ಳೇ ಸ್ಥಳ ಬಂದೈತಿ" ಅಂತ ನಡುವೆ ಅವಸರ ಮಾಡುವ ಸೋದರಮಾವಂದಿರು ಇದನ್ನು ಬರೆದಿಟ್ಟುಕೊಳ್ಳಬೇಕು.

ಗಡಿಯಾರದ ಜಗಳ

ಇನ್ನು ದಿನಚರಿ. ಹೊರಗಿನ ಮೆಡಿಕಲ್ ಕಾಲೇಜಿನ ಹುಡುಗ ರಾತ್ರಿ ಎರಡರ ತನಕ ಓದಿ, ಬೆಳಿಗ್ಗೆ ಎಂಟೂವರೆಗೆ ಎದ್ದು, ಮುಖಕ್ಕೆ ನೀರು ಚಿಮುಕಿಸಿಕೊಂಡು ಕ್ಲಾಸಿಗೆ ಓಡಬಹುದು. ಎಎಫ್‌ಎಂಸಿಯಲ್ಲಿ ಆ ಆಟ ನಡೆಯದು. ಅಲ್ಲಿಯ ಹುಡುಗ ವಿದ್ಯಾರ್ಥಿ ಅಲ್ಲ, ಕೆಡೆಟ್. ಬೆಳಕು ಹರಿಯುವ ಹೊತ್ತಿಗೆ ಮೈದಾನದಲ್ಲಿರಬೇಕು. ಪಿ.ಟಿ. ಇಲ್ಲವೇ ಕವಾಯತು. ಬೂಟಿನ ಹೊಳಪು, ಕೂದಲಿನ ಅಳತೆ, ಹಾಸಿಗೆಯ ಮಡಿಕೆ ಎಲ್ಲಕ್ಕೂ ಲೆಕ್ಕ. ಅದನ್ನು ಮುಗಿಸಿ, ಬೆವರು ಒರೆಸಿಕೊಂಡು ಬಂದು ಕೂರಬೇಕಾದದ್ದು ಅಂಗರಚನಾಶಾಸ್ತ್ರದ ಕ್ಲಾಸಿನಲ್ಲಿ. ಆಮೇಲೆ ಹೆಣ ಕೊಯ್ಯುವ ಕೋಣೆ. ಸಂಜೆ ಮತ್ತೆ ಆಟದ ಮೈದಾನ. ಪುಸ್ತಕಕ್ಕೆ ಉಳಿಯುವುದು ರಾತ್ರಿ. ರಾತ್ರಿ ಜಾಸ್ತಿ ಎಳೆದರೆ ಬೆಳಗಿನ ಸೀಟಿ ಬಿಡುವುದಿಲ್ಲ.

ಮನುಷ್ಯನ ಮೈಯಲ್ಲಿ 206 ಎಲುಬು. ಒಂದೊಂದರ ಮೇಲೂ ಯಾವ ಸ್ನಾಯು ಎಲ್ಲಿ ಅಂಟಿಕೊಂಡಿದೆ ಎಂದು ಬಾಯಿಪಾಠ ಹೇಳಬೇಕು. ಬೆಳಿಗ್ಗೆ ಓಡಿ ನೋಯುತ್ತಿರುವುದು ಕೂಡ ಅದೇ ಸ್ನಾಯು!

ಪರೀಕ್ಷೆಯಲ್ಲೇನಾದರೂ ರಿಯಾಯಿತಿ ಉಂಟೇ? ಇಲ್ಲ ಸ್ವಾಮಿ. ಕಾಲೇಜು ಸೈನ್ಯದ್ದಾದರೂ ಡಿಗ್ರಿ ಕೊಡುವುದು ನಾಸಿಕ್‌ನಲ್ಲಿರುವ ಮಹಾರಾಷ್ಟ್ರ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯ. ಮುಂಬಯಿ, ನಾಗಪುರದ ಮಕ್ಕಳು ಬರೆಯುವ ಪ್ರಶ್ನೆಪತ್ರಿಕೆಯನ್ನೇ ಈ ಮಕ್ಕಳೂ ಬರೆಯಬೇಕು. ಉತ್ತರಪತ್ರಿಕೆ ತಿದ್ದುವವರಿಗೆ ಈ ಹುಡುಗ ಬೆಳಿಗ್ಗೆ ಎಷ್ಟು ಕಿಲೋಮೀಟರ್ ಓಡಿದ್ದ ಎಂಬುದು ಗೊತ್ತಿರುವುದಿಲ್ಲ. ಗೊತ್ತಾದರೂ ಮಾರ್ಕ್ಸ್ ಹಾಕುವುದಿಲ್ಲ.

ಹಾಗಾದರೆ ಮಕ್ಕಳು ಹೇಗೆ ನಿಭಾಯಿಸುತ್ತಾರೆ? ಅಲ್ಲೊಂದು ಅನುಕೂಲ ಇದೆ. ಕವಾಯತು ಮಾಡಿಸುವವರೂ ಪಾಠ ಹೇಳುವವರೂ ಒಂದೇ ಮನೆಯವರು. ಪರೇಡಿನ ವೇಳೆಗೆ ಕ್ಲಾಸು ಬರುವುದಿಲ್ಲ, ಕ್ಲಾಸಿನ ವೇಳೆಗೆ ಪರೇಡು ಬರುವುದಿಲ್ಲ. ಊಟ ವೇಳೆಗೆ ಸರಿಯಾಗಿ ಸಿಗುತ್ತದೆ. ಬಾಡಿಗೆ ರೂಮು, ಮೆಸ್ ಬಿಲ್ಲು, ಬಸ್ ಪಾಸು ಎಂಬ ತಾಪತ್ರಯ ಇಲ್ಲ. ಅಡ್ಡಾಡಲು ಸಮಯವೇ ಇಲ್ಲದ್ದರಿಂದ ಓದಲು ಸಮಯ ಸಿಗುತ್ತದೆ ಎಂದು ತಮಾಷೆಗೆ ಹೇಳುವುದುಂಟು, ಅದರಲ್ಲಿ ಹುರುಳೂ ಇದೆ. ಮೊದಲ ಕೆಲವು ತಿಂಗಳು ಕ್ಲಾಸಿನಲ್ಲಿ ತೂಕಡಿಕೆ, ಮನೆ ನೆನಪು. ಆ ತಿಂಗಳುಗಳನ್ನು ದಾಟಿದವರಿಗೆ ಮೈ ಒಗ್ಗುತ್ತದೆ. ಪರೀಕ್ಷೆಯಲ್ಲಿ ಹಿಂದೆ ಬಿದ್ದವನು ಮಾತ್ರ ಜೊತೆಯವರನ್ನು ಬಿಟ್ಟು ಕೆಳಗಿನ ಬ್ಯಾಚಿನೊಂದಿಗೆ ನಡೆಯಬೇಕಾಗುತ್ತದೆ. ಹದಿನೆಂಟರ ವಯಸ್ಸಿಗೆ ಅದು ಸಣ್ಣ ಪೆಟ್ಟಲ್ಲ.

ಡಾಕ್ಟರಿಗೆ ಕವಾಯತು ಯಾಕೆ?

ಅಂಗಡಿಕಟ್ಟೆಯ ಮುಂದಿನ ಪ್ರಶ್ನೆ ಇದು. "ಸೂಜಿ ಹಿಡಿಯುವ ಕೈಗೆ ಬಂದೂಕು ಯಾಕ್ರಿ? ಗುಳಿಗಿ ಕೊಡಾಕ ಲೆಫ್ಟ್ ರೈಟ್ ಬೇಕೇನು?"

ಬೇಕು. ಸೈನ್ಯದ ಡಾಕ್ಟರ್ ಎಂದರೆ ಆಸ್ಪತ್ರೆಯಲ್ಲಿ ಫ್ಯಾನಿನ ಕೆಳಗೆ ಕೂತವರಷ್ಟೇ ಅಲ್ಲ. ಪಲ್ಟನ್ನಿನ ಜೊತೆಯಲ್ಲೇ ಹೋಗುವ ರೆಜಿಮೆಂಟಲ್ ಮೆಡಿಕಲ್ ಆಫೀಸರ್ ಎಂಬ ಹುದ್ದೆ ಇದೆ. ಪಲ್ಟನ್ ಹಿಮದಲ್ಲಿದ್ದರೆ ಡಾಕ್ಟರೂ ಹಿಮದಲ್ಲಿ, ಮರುಭೂಮಿಯಲ್ಲಿದ್ದರೆ ಅವರೂ ಅಲ್ಲೇ. ಏದುಸಿರು ಬಿಡುತ್ತ ಹಿಂದೆ ಉಳಿಯುವ ಡಾಕ್ಟರನ್ನು ಹೊತ್ತುಕೊಂಡು ಹೋಗಲು ಇನ್ನಿಬ್ಬರು ಸಿಪಾಯಿಗಳು ಬೇಕಾದರೆ ಅದೆಂಥ ವೈದ್ಯಸೇವೆ? 1949ರ ಜಿನೀವಾ ಒಪ್ಪಂದ ಕೂಡ ಇದನ್ನು ಮನಗಂಡಿದೆ. ತನ್ನ ಮತ್ತು ತನ್ನ ಸುಪರ್ದಿನಲ್ಲಿರುವ ಗಾಯಾಳುಗಳ ರಕ್ಷಣೆಗಾಗಿ ಡಾಕ್ಟರ್ ಆಯುಧ ಇಟ್ಟುಕೊಂಡರೆ ಆ ಒಪ್ಪಂದ ಅವರಿಗೆ ಕೊಡುವ ರಕ್ಷಣೆ ತಪ್ಪುವುದಿಲ್ಲ.

ಒಂದು ಉದಾಹರಣೆ ಸಾಕು. ಕೊರಿಯಾ ಯುದ್ಧದ ಹೊತ್ತಿಗೆ ಭಾರತ ಕಾದಾಡಲು ಸೈನ್ಯ ಕಳಿಸಲಿಲ್ಲ, ಒಂದು ವೈದ್ಯಕೀಯ ದಳವನ್ನು ಕಳಿಸಿತು. 60ನೇ ಪ್ಯಾರಾಶೂಟ್ ಫೀಲ್ಡ್ ಆಂಬ್ಯುಲೆನ್ಸ್. ಅದರ ಮುಖಂಡ ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್, ಡಾಕ್ಟರ್. 1951ರ ಮಾರ್ಚ್ 23ರಂದು ಮುನ್ಸಾನ್ ಎಂಬಲ್ಲಿ ಅಮೆರಿಕದ ಸೈನಿಕರು ವಿಮಾನದಿಂದ ಪ್ಯಾರಾಶೂಟ್ ಕಟ್ಟಿಕೊಂಡು ಧುಮುಕಿದಾಗ ಈ ದಳದ ಒಂದು ಸಣ್ಣ ತಂಡವೂ ಜೊತೆಗೇ ಧುಮುಕಿತು. ಕೆಳಗೆ ಇಳಿದು ಗಾಯಾಳುಗಳಿಗೆ ಆಪರೇಶನ್ ಮಾಡಿತು. ರಂಗರಾಜ್‌ಗೆ ಮಹಾವೀರ ಚಕ್ರ ಬಂತು. ಸ್ಟೆತಾಸ್ಕೋಪು ಮಾತ್ರ ಕಲಿತು, ಧುಮುಕುವುದನ್ನು ಕಲಿಯದೆ ಇದ್ದಿದ್ದರೆ ಆ ಗಾಯಾಳುಗಳ ಗತಿ?

ಪುಣೆಯ ಕಾಲೇಜಿನ ಪರೇಡ್ ಮೈದಾನಕ್ಕೆ ಇಟ್ಟಿರುವ ಹೆಸರೂ ಒಬ್ಬ ಡಾಕ್ಟರದೇ. ಕ್ಯಾಪ್ಟನ್ ದೇವಾಶಿಷ್ ಶರ್ಮಾ. ಅದೇ ಕಾಲೇಜಿನಲ್ಲಿ ಓದಿ, 1994ರಲ್ಲಿ ಕರ್ತವ್ಯದ ಮೇಲೆ ಪ್ರಾಣ ಕೊಟ್ಟು ಕೀರ್ತಿ ಚಕ್ರ ಪಡೆದವರು. ಮಕ್ಕಳು ಕವಾಯತು ಮಾಡುವುದು ಆ ಹೆಸರಿನ ಮಣ್ಣಿನ ಮೇಲೆ.

ಬಾಂಡಿನ ಕಾಗದ

ಈಗ ಅಂಗಡಿಯವರಿಗೆ ಚೆನ್ನಾಗಿ ತಿಳಿಯುವ ವಿಷಯ, ವ್ಯವಹಾರ. ಸರಕಾರ ಫೀ ಕೇಳದೆ ಡಾಕ್ಟರಕಿ ಕಲಿಸುವುದು ಧರ್ಮಕ್ಕಲ್ಲ. ಸೇರುವಾಗಲೇ ಬಾಂಡ್ ಬರೆದುಕೊಡಬೇಕು. ಓದು ಮುಗಿದ ಮೇಲೆ ಕೆಲವರಿಗೆ ಪರ್ಮನೆಂಟ್ ಕಮಿಶನ್, ಅಂದರೆ ಇಡೀ ವೃತ್ತಿಜೀವನ ಸೈನ್ಯದಲ್ಲೇ. ಉಳಿದವರಿಗೆ ಶಾರ್ಟ್ ಸರ್ವಿಸ್, ಏಳು ವರ್ಷ. ಬೇಡವೆಂದು ಕೈ ಬಿಡಿಸಿಕೊಂಡು ಹೋಗುವವರು ಬಾಂಡಿನ ಹಣ ಕಟ್ಟಬೇಕು. ಅದು ಲಕ್ಷಗಟ್ಟಲೆಯ ಬಾಬತ್ತು. ಅಂಕಿ ಆಗಾಗ ಏರುತ್ತ ಬಂದಿದೆ, ಸೇರುವ ವರ್ಷದ ಅಧಿಸೂಚನೆಯಲ್ಲಿ ಇದ್ದದ್ದನ್ನೇ ಓದಿಕೊಳ್ಳಬೇಕು.

ಲೆಕ್ಕ ಹಾಕಿ. ಹದಿನೆಂಟಕ್ಕೆ ಸೇರಿದ ಹುಡುಗ. ನಾಲ್ಕೂವರೆ ವರ್ಷ ಎಂಬಿಬಿಎಸ್. ಕೊನೇ ಪರೀಕ್ಷೆ ಪಾಸಾದ ಮೇಲೆ ಪರೇಡು ಮಾಡಿ ಹೆಗಲಿಗೆ ನಕ್ಷತ್ರ ಹಾಕಿಕೊಳ್ಳುತ್ತಾನೆ. ಅಪ್ಪ ಅಮ್ಮ ಫೋಟೋ ತೆಗೆಸಿಕೊಳ್ಳುವುದು ಆ ದಿನ. ಆಮೇಲಿನ ಇಂಟರ್ನ್‌ಶಿಪ್ ಸೈನ್ಯದ ಆಸ್ಪತ್ರೆಗಳಲ್ಲಿ. ಬೆಂಗಳೂರಿನ ವಾಯುಪಡೆಯ ಕಮಾಂಡ್ ಆಸ್ಪತ್ರೆ ಅಂಥದ್ದರಲ್ಲಿ ಒಂದು. ಅಲ್ಲಿಂದ ಲಖನೌದ ಸೇನಾ ವೈದ್ಯಕೀಯ ದಳದ ಕೇಂದ್ರದಲ್ಲಿ ಅಧಿಕಾರಿಗಳ ಮೂಲ ತರಬೇತಿ. ಬಳಿಕ ಎಲ್ಲಿಗೆ ಹಾಕುತ್ತಾರೋ ಅಲ್ಲಿಗೆ. ಶಾರ್ಟ್ ಸರ್ವಿಸ್‌ನವನು ಕಳಚಿಕೊಳ್ಳುವ ಹೊತ್ತಿಗೆ ವಯಸ್ಸು ಮೂವತ್ತರ ಆಸುಪಾಸು. ಹೊರಗೆ ಓದಿದ ಜೊತೆಗಾರ ಅಷ್ಟರಲ್ಲಿ ಎಂ.ಡಿ. ಮುಗಿಸಿ ಬೋರ್ಡು ಹಾಕಿರಬಹುದು. ಇಲ್ಲವೇ ಸಾಲದ ಬಡ್ಡಿ ಕಟ್ಟುತ್ತ ಕುಳಿತಿರಬಹುದು. ಯಾವುದು ಲಾಭ ಎಂದು ತೂಗಲು ತಕ್ಕಡಿ ಸಾಲದು. ಸೈನ್ಯದಲ್ಲಿದ್ದುಕೊಂಡೇ ಮುಂದೆ ಓದುವ ದಾರಿಯೂ ಇದೆ, ಆದರೆ ಅದಕ್ಕೆ ಸರದಿ, ಆಯ್ಕೆ, ಕಾಯುವಿಕೆ ಉಂಟು.

ಸೀಟು ಸಿಗದವರ ಪಾಡು

145 ಸೀಟು ಎಂದ ಮೇಲೆ ಆಸೆ ಪಟ್ಟವರಲ್ಲಿ ಬಹುಪಾಲು ಹೊರಗೇ ಉಳಿಯುತ್ತಾರೆ. ಅವರಲ್ಲಿ ಕೆಲವರಿಗೆ ಖಾಕಿಯ ಮೋಹ ಬಿಡುವುದಿಲ್ಲ. ಮಾಮೂಲಿ ಮೆಡಿಕಲ್ ಕಾಲೇಜಿಗೆ ಸೇರಿ, ಅಲ್ಲಿ ಎನ್‌ಸಿಸಿ ಇದ್ದರೆ ಹೆಸರು ಹಚ್ಚುತ್ತಾರೆ. ನಿಜವಾದ ಹಗ್ಗಜಗ್ಗಾಟ ಇರುವುದು ಇಲ್ಲಿ. ಪುಣೆಯಲ್ಲಿ ಮಾಲೀಕ ಒಬ್ಬನೇ. ಇಲ್ಲಿ ಇಬ್ಬರು, ಒಬ್ಬರಿಗೊಬ್ಬರು ಮಾತಾಡುವುದಿಲ್ಲ.

ಎನ್‌ಸಿಸಿಯ ಬಗ್ಗೆ ಹಿರಿಯ ಅಂಗಡಿಕಾರರಿಗೆ ಬೇರೆ ಹೇಳಬೇಕಿಲ್ಲ. ಚೀನಾ ಯುದ್ಧವಾದ ಮೇಲೆ 1963ರಲ್ಲಿ ಅದನ್ನು ಕಾಲೇಜುಗಳಲ್ಲಿ ಕಡ್ಡಾಯ ಮಾಡಿದ್ದರು, 1968ರಲ್ಲಿ ಮತ್ತೆ ಇಷ್ಟವಿದ್ದವರಿಗೆ ಬಿಟ್ಟರು. ಆ ಐದು ವರ್ಷ ಕಾಲೇಜಿನಲ್ಲಿದ್ದವರು ದೊಗಲೆ ಖಾಕಿ ಚಡ್ಡಿಯ ಕಥೆಗಳನ್ನು ಇಂದಿಗೂ ಹೇಳುತ್ತಾರೆ. ಈಗ ಕಡ್ಡಾಯವಿಲ್ಲ. ಆದರೆ ಸೇರಿದ ಮೇಲೆ ಸಡಿಲವೂ ಇಲ್ಲ. 'ಬಿ' ಸರ್ಟಿಫಿಕೇಟ್‌ಗೆ ಎರಡು ವರ್ಷ, 'ಸಿ'ಗೆ ಮೂರನೇ ವರ್ಷ. ಪರೇಡಿಗೆ ಶೇ. 75 ಹಾಜರಿ ಬೇಕು. 'ಸಿ' ಪರೀಕ್ಷೆಗೆ ಕೂರಬೇಕಾದರೆ ಎರಡು ಶಿಬಿರ ಮುಗಿಸಿರಬೇಕು.

ಆ ಕಡೆ ಎಂಬಿಬಿಎಸ್ ನಿಯಮ: ಪಾಠಕ್ಕೆ ಶೇ. 75, ಪ್ರಾಕ್ಟಿಕಲ್ ಮತ್ತು ವಾರ್ಡಿನ ಕಲಿಕೆಗೆ ಶೇ. 80 ಹಾಜರಿ. ನಾಲ್ಕು ವಾರದ ಒಂದು ವಾರ್ಡ್ ಪಾಳಿ ಎಂದಿಟ್ಟುಕೊಳ್ಳಿ. ಭಾನುವಾರ ಬಿಟ್ಟು 24 ದಿನ. ಹತ್ತು ದಿನದ ಶಿಬಿರಕ್ಕೆ ಹೋದರೆ ಅದರಲ್ಲಿ ಒಂಬತ್ತು ದಿನ ಕೈ ಬಿಟ್ಟಿತು. ಉಳಿದದ್ದು 15, ಅಂದರೆ ಶೇ. 62.5. ಹುಡುಗ ಟೆಂಟು ಹಾಕುವುದರಲ್ಲಿ ಬಹುಮಾನ ತಂದರೂ ವಾರ್ಡಿನ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯೇ. "ದೇಶಸೇವೆ ಮಾಡ್ಲಿಕ್ಕೆ ಹೋಗಿದ್ದೆ ಸರ್" ಎಂದರೆ, "ರೋಗಿಗಳ ಸೇವೆ ಯಾರಪ್ಪ ಮಾಡ್ತಾರೆ?" ಎಂಬ ಉತ್ತರ ತಪ್ಪಿದ್ದಲ್ಲ. ಇಬ್ಬರ ಮಾತೂ ಸರಿ, ಸಿಕ್ಕಿಬೀಳುವವನು ಹುಡುಗ.

ಇದಕ್ಕೆ ಮದ್ದಿಲ್ಲವೇ? ಇದೆ, ಆದರೆ ರೋಗ ಬರುವ ಮುಂಚೆ ತೆಗೆದುಕೊಳ್ಳಬೇಕಾದ ಮದ್ದು. ಸೇರುವುದಾದರೆ ಮೊದಲ ವರ್ಷವೇ ಸೇರಬೇಕು. ಮೂರನೇ ವರ್ಷಕ್ಕೆ ಸೇರಿದರೆ 'ಸಿ' ಪರೀಕ್ಷೆಯೂ ಫೈನಲ್ ಪರೀಕ್ಷೆಯೂ ಒಂದೇ ಹೊತ್ತಿಗೆ ಕುತ್ತಿಗೆಗೆ ಬರುತ್ತವೆ. ಶಿಬಿರದ ತಾರೀಖು ತಿಳಿದ ದಿನವೇ ವಿಭಾಗದ ಮುಖ್ಯಸ್ಥರಿಗೆ ಕಾಗದ ಕೊಟ್ಟು, ತಪ್ಪಿದ ಪಾಳಿಯನ್ನು ಯಾವಾಗ ತುಂಬಿಕೊಡುವುದೆಂದು ಬರೆಸಿಕೊಳ್ಳಬೇಕು. ಶಿಬಿರದಿಂದ ಬಂದ ಮೇಲೆ ಕೊಡುವ ಕಾಗದಕ್ಕೆ ಬೆಲೆ ಕಡಿಮೆ. ರಜೆಯ ಶಿಬಿರ ಸಿಕ್ಕರೆ ಅದನ್ನೇ ಹಿಡಿಯುವುದು ಜಾಣತನ. ಎನ್‌ಸಿಸಿ ಅಧಿಕಾರಿಗೂ ಕಾಲೇಜಿನ ಆಫೀಸಿಗೂ ನಡುವೆ ಒಂದು ಫೋನ್ ಹೋದರೆ ಮುಗಿಯುವ ಕೆಲಸ ಇದು. ಆ ಒಂದು ಫೋನ್ ಹೋಗದೇ ಹುಡುಗ ಎರಡು ಮೆಟ್ಟಿಲುಗಳ ನಡುವೆ ಚಪ್ಪಲಿ ಸವೆಸುವುದು ನಡೆದೇ ಇದೆ.

ಇನ್ನೊಂದು ದಾರಿಯೂ ಉಂಟು. ಮೊದಲು ಡಾಕ್ಟರಕಿ ಮುಗಿಸುವುದು, ಖಾಕಿ ಆಮೇಲೆ. ಎಂಬಿಬಿಎಸ್ ಆದವರನ್ನು ಸೇನಾ ವೈದ್ಯಕೀಯ ಸೇವೆಗೆ ಶಾರ್ಟ್ ಸರ್ವಿಸ್‌ನಲ್ಲಿ ಸಂದರ್ಶನ ಮಾಡಿ ತೆಗೆದುಕೊಳ್ಳುತ್ತಾರೆ. ಮೊದಲಿಗೆ ಐದು ವರ್ಷ, ಬೇಕಾದರೆ ಹದಿನಾಲ್ಕರ ತನಕ ಮುಂದುವರಿಸಬಹುದು. ಮಣಿಪುರದ ಲೈಶ್ರಾಂ ಜ್ಯೋತಿನ್ ಸಿಂಗ್ ಊರಿನ ಕಡೆಯ ಕಾಲೇಜಿನಲ್ಲೇ ಡಾಕ್ಟರಕಿ ಓದಿ, 2003ರಲ್ಲಿ ಸೈನ್ಯ ಸೇರಿದವರು. 2010ರ ಫೆಬ್ರವರಿ 26ರಂದು ಕಾಬೂಲಿನಲ್ಲಿ ಭಾರತೀಯರಿದ್ದ ವಸತಿಗೃಹದ ಮೇಲೆ ಉಗ್ರರ ದಾಳಿಯಾಯಿತು. ಮೇಜರ್ ಜ್ಯೋತಿನ್ ಕೈಯಲ್ಲಿ ಆಯುಧವೇ ಇರಲಿಲ್ಲ. ಆತ್ಮಾಹುತಿ ಬಾಂಬ್ ಕಟ್ಟಿಕೊಂಡಿದ್ದವನನ್ನು ಬರಿಗೈಯಲ್ಲಿ ಅಪ್ಪಿ ಹಿಡಿದರು. ಜೊತೆಯವರು ಬದುಕಿಕೊಂಡರು, ಅವರು ಬದುಕಲಿಲ್ಲ. ಮರಣೋತ್ತರ ಅಶೋಕ ಚಕ್ರ ಬಂತು. ಹದಿನೆಂಟಕ್ಕೇ ಬಾಂಡ್ ಬರೆದುಕೊಟ್ಟವರು ಮಾತ್ರ ಸೈನ್ಯದ ಡಾಕ್ಟರ್ ಎಂದು ತಿಳಿಯಬೇಕಿಲ್ಲ.

ಆದರೆ ಖಡೇ ಬಜಾರಿನ ಕಟ್ಟೆಯಲ್ಲಿ ಮಾತು ಮತ್ತೆ ಮತ್ತೆ ಫೀಗೇ ಬಂದು ನಿಲ್ಲುತ್ತದೆ. ತಪ್ಪೇನಿಲ್ಲ, ದುಡಿದವರಿಗೆ ದುಡ್ಡಿನ ಚಿಂತೆ. ಹುಡುಗನಿಗೆ ಹದಿನೆಂಟು ತುಂಬಿಲ್ಲದಿದ್ದರೆ ಆ ಕಾಗದಕ್ಕೆ ಪಾಲಕರ ಸಹಿಯೂ ಬೀಳಬೇಕಲ್ಲ.

"ಏಳು ವರ್ಷ ಆದ ಮ್ಯಾಲ ಊರಿಗೆ ಬರ್ತಾನೇನ್ರಿ?" ಎಂದು ಅಪ್ಪ ಕೇಳುತ್ತಾನೆ. "ಮೊದಲ ಅವನಿಗೆ ಹೋಗಾಕ ಮನಸೈತೇನು ಕೇಳ್ರಿ" ಎನ್ನುತ್ತಾರೆ ಪಕ್ಕದ ಅಂಗಡಿಯವರು. ಕೇಳೋಣವೆಂದು ಮನೆಗೆ ಫೋನ್ ಮಾಡಿದರೆ, ಗಂಟೆ ಒಂಬತ್ತಾಗಿದೆ, ಭಾವೀ ಕ್ಯಾಪ್ಟನ್ ಸಾಹೇಬರು ಇನ್ನೂ ಎದ್ದಿಲ್ಲ.